ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡ ಮತ್ತು ಗಣಕ ದಾಖಲೆ

ಹೈದರಾಬಾದಿನ ಅಫ್ಜಲ್‌ಗಂಜ್‌ನಲ್ಲಿ, ಮೂಸಿ ನದಿಯ ಉತ್ತರ ದಡದಲ್ಲಿರುವ ಉಸ್ಮಾನಿಯಾ ಆಸ್ಪತ್ರೆಯ ಹಳೆಯ ಕಟ್ಟಡಕ್ಕೆ 2020ರ ಜುಲೈ ತಿಂಗಳಿನಲ್ಲಿ ಬೀಗಮುದ್ರೆ ಬಿದ್ದಿತು. ಮಳೆಯ ನೀರಿನೊಡನೆ ಚರಂಡಿಯ ನೀರೂ ವಾರ್ಡುಗಳಿಗೆ ನುಗ್ಗಿದಾಗ ರೋಗಿಗಳನ್ನು ಆವರಣದ ಇತರ ಕಟ್ಟಡಗಳಿಗೆ ಸಾಗಿಸಲಾಯಿತು. ನಗರದ ಬಡಜನರಿಗೆ ತಲೆಮಾರುಗಳ ಕಾಲ ಆಸರೆಯಾಗಿದ್ದ ಗುಮ್ಮಟಗಳ ಈ ಸೌಧ ಹೀಗೆ ಬರಿದಾಯಿತು.

ನೀರಿಗೂ ಈ ಸ್ಥಳಕ್ಕೂ ಹಳೆಯ ವೈರ. ಇಲ್ಲಿ ಮೊದಲಿದ್ದ ಆಸ್ಪತ್ರೆ 1866ರಲ್ಲಿ ಆರಂಭವಾದುದು. ಅದರ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಲಾರಿ ಅವರ ಮುಂದಾಳತ್ವದಲ್ಲಿ 1888 ಮತ್ತು 1889ರಲ್ಲಿ ನಡೆದ ಕ್ಲೋರೋಫಾರ್ಮ್ ಆಯೋಗಗಳು ವೈದ್ಯಲೋಕದ ಗಮನವನ್ನು ಹೈದರಾಬಾದಿನತ್ತ ಸೆಳೆದಿದ್ದವು. 1908ರ ಸೆಪ್ಟೆಂಬರ್ 28ರ ಮಹಾಪ್ರವಾಹದಲ್ಲಿ ಆ ಆಸ್ಪತ್ರೆ ಕೊಚ್ಚಿಹೋಯಿತು. ಆವರಣದ ಹುಣಸೆಮರವೊಂದನ್ನು ಏರಿ ನೂರೈವತ್ತು ಜನ ಬದುಕುಳಿದರೆಂಬ ಮಾತು ನಗರದಲ್ಲಿ ಇಂದಿಗೂ ಕೇಳಿಬರುತ್ತದೆ. ಪ್ರವಾಹ ನಿಯಂತ್ರಣದ ಯೋಜನೆಗಾಗಿ 1909ರಲ್ಲಿ ಅಲ್ಲಿಗೆ ಬಂದವರು ಕನ್ನಡಿಗರಿಗೆ ಚಿರಪರಿಚಿತರಾದ ಎಂ. ವಿಶ್ವೇಶ್ವರಯ್ಯನವರು. ಮೇಲುಭಾಗದ ಉಸ್ಮಾನ್‌ಸಾಗರ, ಹಿಮಾಯತ್‌ಸಾಗರಗಳು ಅವರ ಆಲೋಚನೆಯ ಫಲ. ಅನಂತರ ವಾಸ್ತುಶಿಲ್ಪಿ ವಿನ್ಸೆಂಟ್ ಎಶ್ ಅವರ ವಿನ್ಯಾಸದಂತೆ, ಏಳನೆಯ ನಿಜಾಮರ ಕಾಲದಲ್ಲಿ ಹೊಸ ಆಸ್ಪತ್ರೆ ತಲೆಯೆತ್ತಿತು. ಎದುರು ದಡದ ಹೈಕೋರ್ಟ್ ಕಟ್ಟಡದ ವಿನ್ಯಾಸದಲ್ಲಿಯೂ ಇವರ ಕೈವಾಡವಿದೆ.

2015ರಲ್ಲಿ ಈ ಕಟ್ಟಡವನ್ನು ಕೆಡವುವ ಪ್ರಸ್ತಾಪ ಬಂದಿತು. ದುರಸ್ತಿ ಸಾಧ್ಯವೆಂದು ಪರಂಪರೆಯ ರಕ್ಷಕರು ವಾದಿಸಿದರು; ವಿವಾದ ನ್ಯಾಯಾಲಯವನ್ನು ಮುಟ್ಟಿತು. 2025ರ ಜನವರಿಯಲ್ಲಿ ಗೋಶಾಮಹಲ್‌ನಲ್ಲಿ ಹೊಸ ಆಸ್ಪತ್ರೆಗೆ ಶಂಕುಸ್ಥಾಪನೆಯಾಯಿತು. ರೋಗಿಗಳಿಗೆ ಬೇರೆಡೆ ಸೂರು ದೊರೆಯುವುದು ಅವಶ್ಯಕವೇ. ಆದರೆ ಉಪಯೋಗ ತಪ್ಪಿದ ಕಟ್ಟಡ ಬಲುಬೇಗ ಶಿಥಿಲವಾಗುತ್ತದೆ. ಗುಮ್ಮಟದ ಸಂದಿನಲ್ಲಿ ಚಿಗುರಿದ ಅರಳಿಗಿಡ ಯಾವ ತೀರ್ಪಿಗೂ ಕಾಯುವುದಿಲ್ಲ.

ಇಂತಹ ಕಡೆ ಗಣಕಯಂತ್ರದ ನೆರವು ಬಹಳ ಉಪಯುಕ್ತ. ಮುಕ್ಕಾಲಿಯ ಮೇಲೆ ನಿಲ್ಲಿಸಿದ ಉಪಕರಣ ಲೇಸರ್ ಕಿರಣವನ್ನು ಸುತ್ತಲೂ ಹರಿಸುತ್ತದೆ. ಅದು ಗೋಡೆಗೆ ತಾಗಿ ಹಿಂದಿರುಗುವ ಬಗೆಯಿಂದ ದೂರ ತಿಳಿಯುತ್ತದೆ. ಹೀಗೆ ಅಳೆದ ಕೋಟ್ಯಂತರ ಬಿಂದುಗಳು ಸೇರಿ ಕಟ್ಟಡದ ಮೂರು ಆಯಾಮದ ಪ್ರತಿರೂಪ ಮೂಡುತ್ತದೆ. ಕಿರಣ ತಲುಪದ ಗುಮ್ಮಟದ ನೆತ್ತಿಯನ್ನು ಡ್ರೋನ್‌ನಿಂದ ತೆಗೆದ, ಒಂದರ ಅಂಚು ಮತ್ತೊಂದನ್ನು ಅತಿಕ್ರಮಿಸುವ ಛಾಯಾಚಿತ್ರಗಳು ತುಂಬಿಕೊಡುತ್ತವೆ. ಬಿರುಕು ಎಷ್ಟು ಅಗಲವಿದೆ, ಗೋಡೆ ಎತ್ತ ವಾಲಿದೆ ಎಂಬುದನ್ನು ಮುಂದಿನ ವರ್ಷದ ಅಳತೆಯೊಡನೆ ಹೋಲಿಸಬಹುದು. ಗುಜರಾತಿನ ರಾಣಿ ಕೀ ವಾವ್ ಮೆಟ್ಟಿಲುಬಾವಿಯನ್ನು 2011ರಲ್ಲಿ ಇದೇ ರೀತಿ ಅಳೆಯಲಾಯಿತು. ಹಂಪಿಯ ಸ್ಮಾರಕಗಳ ಗಣಕ ದಾಖಲೆಗೆ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯೇ ರೂಪುಗೊಂಡಿತು.

ಪ್ಯಾರಿಸ್ಸಿನ ನೋತ್ರ ದಾಮ್ ಚರ್ಚನ್ನು ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರರು ಲೇಸರಿನಿಂದ ಅಳೆದಿಟ್ಟಿದ್ದರು. ಅವರು ತೀರಿಕೊಂಡ ಮರುವರ್ಷ, 2019ರ ಏಪ್ರಿಲ್‌ನಲ್ಲಿ, ಅದರ ಚಾವಣಿ ಬೆಂಕಿಗೆ ಆಹುತಿಯಾಯಿತು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯುವ ಮುನ್ನ ನಡೆದ ಪುನರ್ನಿರ್ಮಾಣಕ್ಕೆ ಆ ಅಳತೆಗಳು ನೆರವಾದವು. ಅಲ್ಲಿ ದಾಖಲೆಯ ಜೊತೆಗೆ ಕಟ್ಟುವ ಸಂಕಲ್ಪವೂ ಇತ್ತೆಂಬುದನ್ನು ಮರೆಯುವಂತಿಲ್ಲ. ‘ಚಿತ್ರ ಉಳಿದಿದೆಯಲ್ಲ, ಇನ್ನು ಕೆಡವೋಣ’ ಎಂಬ ವಾದಕ್ಕೆ ದಾಖಲೆ ನೆಪವಾಗುವುದಾದರೆ ಅದು ರಕ್ಷಣೆಯಲ್ಲ, ಶ್ರದ್ಧಾಂಜಲಿ.

ಲೇಸರ್ ಕಾಣುವುದು ಮೇಲ್ಮೈಯನ್ನು ಮಾತ್ರ. ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಬಳಿದಲ್ಲಿ ಒಳಗೇ ಉಳಿದ ತೇವವನ್ನು ಅರಿಯಲು ಅವಗೆಂಪು ಕ್ಯಾಮೆರಾ ಬೇಕು. ಅದಕ್ಕೂ ಮಿಗಿಲಾಗಿ, ಗಾರೆ ಕೆಲಸ ಬಲ್ಲ ಮೇಸ್ತ್ರಿಯ ಕಣ್ಣು ಬೇಕು. ಸಂಗ್ರಹಿಸಿದ ಮಾಹಿತಿಯೂ ತಾನಾಗಿ ಉಳಿಯದು. ಎರಡು ಮೂರು ಸ್ಥಳಗಳಲ್ಲಿ ಪ್ರತಿಗಳನ್ನಿಟ್ಟು, ಕಾಲಕಾಲಕ್ಕೆ ಹೊಸ ಮಾಧ್ಯಮಕ್ಕೆ ವರ್ಗಾಯಿಸದಿದ್ದರೆ ಕಟ್ಟಡಕ್ಕಿಂತ ಮೊದಲೇ ಅದು ನಶಿಸೀತು.

ಯಾವ ವಾರ್ಡಿನಲ್ಲಿ ಯಾವ ಚಿಕಿತ್ಸೆ ನಡೆಯುತ್ತಿತ್ತು, ರಾತ್ರಿ ಪಾಳಿಯ ದಾದಿಯರು ಎಲ್ಲಿ ಕೂರುತ್ತಿದ್ದರು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಅಲ್ಲಿ ದುಡಿದು ನಿವೃತ್ತರಾದವರ ನೆನಪುಗಳನ್ನು ಧ್ವನಿಮುದ್ರಿಸಿ ನಕ್ಷೆಯ ಆಯಾ ಕೋಣೆಗೆ ಜೋಡಿಸಬಹುದು. ಹುಣಸೆಮರವನ್ನೂ ಅಳತೆಯಿಂದ ಹೊರಗಿಡಬಾರದು. ಆ ಆವರಣದಲ್ಲಿ 1908ರ ನೀರನ್ನು ಕಂಡ ಸಾಕ್ಷಿ ಅದೊಂದೇ.