ಹಿತ್ತಲ ಒದ್ದೆ ನೆಲಕ್ಕೆ ನಮ್ಮ ನಾಡಿನ ಗಿಡಗಳು
(ಮಹಿಳಾ ಸಮಾಜದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಬಹುಪಾಲು ಮನೆಗಳ ಹಿತ್ತಲಲ್ಲಿ ಸದಾ ಒದ್ದೆಯಾಗಿರುವ ಒಂದು ಮೂಲೆ ಉಂಟು. ಬಚ್ಚಲ ನೀರು, ಪಾತ್ರೆ ತೊಳೆದ ನೀರು ಅಲ್ಲಿಗೆ ಹರಿದು ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಮರಿಯಾಗಿ, ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಅದರ ಹಿಂದೆಯೇ ಜ್ವರ. ಈ ಕೊಳಚೆ ಮೂಲೆಯನ್ನೇ ತೋಟವಾಗಿ ಮಾಡಿಕೊಳ್ಳಬಹುದು. ಅದಕ್ಕೆ ಪೇಟೆಯ ಗಿಡ ಬೇಕಿಲ್ಲ. ನಮ್ಮ ಕೆರೆಯಂಚಿನಲ್ಲಿ, ಗದ್ದೆಯ ಬದುವಿನಲ್ಲಿ ಬೆಳೆಯುವ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಬಾಳುವ ಗಿಡಗಳೇ ಸಾಕು.

ಮೊದಲು ನೀರು ನಿಲ್ಲದಂತೆ ಮಾಡಿರಿ. ಬಚ್ಚಲ ಮೋರಿಯಿಂದ ಒಂದು ಮೊಳ ಅಗಲದ ಕಾಲುವೆ ತೋಡಿ, ತಳಕ್ಕೆ ಇಟ್ಟಿಗೆ ಚೂರು, ದಪ್ಪ ಮರಳು ಹಾಸಿರಿ. ಕುಡಿಯುವ ನೀರಿನ ಬಾವಿಗೂ ಇದಕ್ಕೂ 50 ಅಡಿಯಾದರೂ ಅಂತರವಿರಲಿ.

ಕಾಲುವೆಯ ಎರಡು ಬದಿಗೂ ಲಾವಂಚ ನೆಡಿರಿ. ಮಳೆ ಹಿಡಿದೊಡನೆ ಹಳೆಯ ಬುಡವನ್ನು ಸೀಳಿ, ಗೇಣಿಗೊಂದರಂತೆ ಊರಿದರೆ ಸಾಕು. ಹದವಾದ ನೆಲದಲ್ಲಿ ಇದರ ಬೇರು 10 ಅಡಿಯವರೆಗೂ ಇಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಗುಂಡ್ಲುಪೇಟೆ ಸುತ್ತಿನ ರೈತರು ಇದನ್ನರಿತೇ ಹಿಂದಿನಿಂದಲೂ ಹೊಲದ ಎಲ್ಲೆಗೆ ಲಾವಂಚ ನೆಟ್ಟುಕೊಂಡು ಬಂದಿದ್ದಾರೆ.

ತಗ್ಗಿನಲ್ಲಿ ಕೆಸುವನ್ನೂ ಬಜೆಯನ್ನೂ ಹಾಕಿರಿ. ಕೆಸುವಿನೆಲೆಯನ್ನು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ಗಂಟಲು ಕೆರೆಯದು. ಬಜೆಯನ್ನು ಕೊರಟಗೆರೆಯ ಕಡೆ ಗದ್ದೆಯಲ್ಲೇ ಬೆಳೆಯುತ್ತಾರೆ. ಬೇರಿನ ತುಂಡು ನೆಟ್ಟರೆ ಹಬ್ಬಿಕೊಳ್ಳುತ್ತದೆ. ಇಲ್ಲೊಂದು ಮಾತು, ತಾಯಂದಿರೇ. ಎಳೆಗೂಸಿಗೆ ಬಜೆ ತೇದು ನೆಕ್ಕಿಸುವ ರೂಢಿ ನಮ್ಮಲ್ಲಿದೆ. ವೈದ್ಯರನ್ನು ಕೇಳದೆ ಹಾಗೆ ಮಾಡಬೇಡಿರಿ. ಅದು ಹೆಚ್ಚಾದರೆ ಮಗುವಿಗೆ ವಾಂತಿಯಾಗಿ ಪ್ರಾಣಕ್ಕೇ ಸಂಚಕಾರ ಬಂದೀತು.

ಒಂದೆಲಗವನ್ನು ಮಾತ್ರ ಬಚ್ಚಲ ನೀರಿಗೆ ಹಾಕಬೇಡಿರಿ. ತಂಬುಳಿಗೂ ಚಟ್ನಿಗೂ ಹಸಿಯಾಗಿಯೇ ಅರೆಯುವ ಸೊಪ್ಪು ಅದು. ಸೋಪಿನ ನೀರು, ಕೊಳೆ ಅದನ್ನು ಮುಟ್ಟಬಾರದು. ಕೊಡ ತುಂಬುವಾಗ ಶುದ್ಧ ನೀರು ಚೆಲ್ಲುವ ಕಡೆ, ತುಸು ನೆರಳಿನಲ್ಲಿ ನೆಟ್ಟರೆ ಬಳ್ಳಿ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ನೆಲ ತುಂಬುತ್ತದೆ.

ಹೂವಿನ ಆಸೆಯಿದ್ದವರು ಹಳೆಯ ಕಲ್ಲುತೊಟ್ಟಿಗೆ ಕೆರೆಗೋಡು ತುಂಬಿ ನೈದಿಲೆ ಬೆಳೆಸಬಹುದು. ಆದರೆ ಸೊಳ್ಳೆಮರಿ ತಿನ್ನುವ ಸಣ್ಣ ಮೀನುಗಳನ್ನು ಅದರಲ್ಲಿ ತಪ್ಪದೆ ಬಿಡಬೇಕು. ತೊಟ್ಟು ಉಬ್ಬಿದ, ನೇರಳೆ ಹೂವಿನ ತೇಲುವ ಕಳೆಯನ್ನು, ಹೂವು ಚೆಂದವೆಂದು, ಮನೆಗೆ ತರಬೇಡಿರಿ. ದಕ್ಷಿಣ ಅಮೆರಿಕದಿಂದ ಬಂದ ಅದು ನಮ್ಮ ಎಷ್ಟೋ ಕೆರೆಗಳನ್ನು ಮುಚ್ಚಿಬಿಟ್ಟಿದೆ. ತೊಟ್ಟಿಯಿಂದ ಹೊರಗೆಸೆದ ಒಂದು ಗಿಡ ಮಳೆನೀರಿನೊಡನೆ ಕೆರೆ ಸೇರಿದರೂ ಸಾಕು.

ಕೊನೆಯದಾಗಿ, ಕೆರೆಯಂಚಿನಿಂದ ಗಿಡ ತರುವಾಗ ಒಂದು ಬುಡ ಮಾತ್ರ ತನ್ನಿರಿ, ಮಿಕ್ಕದ್ದನ್ನು ಅಲ್ಲೇ ಬಿಡಿರಿ. ದಂಡೆಯ ಮಣ್ಣು ಕೊಚ್ಚಿಹೋಗಿ ಕೆರೆ ಹೂಳದಂತೆ ಕಾಯುವವು ಅವೇ. ನಿಮ್ಮಲ್ಲಿ ಚಿಗುರಿದ್ದನ್ನು ನೆರೆಮನೆಗೆ ಕೊಡಿರಿ. ಒಂದು ಮನೆಯ ಮೋರಿ ಮಾತ್ರ ಒಣಗಿದರೆ ಊರಿನ ಸೊಳ್ಳೆ ತಗ್ಗದು; ಇಡೀ ಕೇರಿ ಒಟ್ಟಾಗಿ ಈ ಕೆಲಸ ಮಾಡಬೇಕು. ಮುಂಗಾರಿನ ಮೊದಲ ಮಳೆಗೇ ತೊಡಗೋಣ.