ಮಾತ್ರೆಯ ಹೆಸರು ಮಾತ್ರೆಯ ಜೊತೆಗಿರಲಿ



ನಮ್ಮ ಮಂಡಿ ಮೊಹಲ್ಲಾದಿಂದ ಅಜ್ಜಿಯೊಬ್ಬರನ್ನು ನರ್ಸಿಂಗ್ ಹೋಮಿಗೆ ಸೇರಿಸುವಾಗ ಬಟ್ಟೆಬರೆಯ ಜೊತೆ ಮಾತ್ರೆಗಳ ಚೀಲವೊಂದು ಹೋಗುತ್ತದೆ. ಬಿಚ್ಚಿ ನೋಡಿ, ಎಲ್ಲವೂ ಕತ್ತರಿಸಿದ ಸ್ಟ್ರಿಪ್‌ಗಳು. ಹೆಸರಿದ್ದರೆ ಅವಧಿ ಮುಗಿಯುವ ದಿನಾಂಕವಿಲ್ಲ. ಆ ತುಂಡು ಅಂಗಡಿಯಲ್ಲೇ ಉಳಿದಿದೆ. ಇನ್ನು ಕೆಲವು ಬಿಡಿ ಮಾತ್ರೆಗಳು ಹಳೆಯ ಡಬ್ಬಿಯಲ್ಲಿ.

ಇದರಿಂದ ಏನಾದೀತು ಎನ್ನುವಿರಾ? ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ತೆಗೆದುಕೊಳ್ಳಿ. ಅದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ಜೊತೆಗೆ ಫೋಲಿಕ್ ಆಮ್ಲದ ಮಾತ್ರೆಯನ್ನೂ ಬರೆದಿರುತ್ತಾರೆ. ಸಾಮಾನ್ಯವಾಗಿ ಎರಡೂ ಹಳದಿ, ಎರಡೂ ಚಿಕ್ಕವು. ಅದಲುಬದಲಾಗಿ ಮೆಥೊಟ್ರೆಕ್ಸೇಟನ್ನೇ ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಮೂಳೆಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದು ಕುಂದುತ್ತದೆ. ಹಲವು ದೇಶಗಳಲ್ಲಿ ಹೀಗೆ ಪ್ರಾಣಗಳೇ ಹೋಗಿವೆ. ಆದ್ದರಿಂದ ಆ ಮಾತ್ರೆಯ ಮೇಲೆ ವೈದ್ಯರು ಹೇಳಿದ ವಾರದ ಹೆಸರನ್ನೇ ಬರೆಸಿ. "ಜುಮ್ಮಾ ದಿನ ಮಾತ್ರ" ಎಂದರೆ ನಮ್ಮ ಅಜ್ಜಿಯರು ಮರೆಯುವುದಿಲ್ಲ. ಉರ್ದು ಮಾತ್ರ ಓದಬಲ್ಲವರಿಗೆ ಉರ್ದುವಿನಲ್ಲೂ ಬರೆಯಿರಿ. ಓದಲು ಬಾರದವರಿಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರನ ಚಿತ್ರ ಸಾಕು.

ನರ್ಸಿಂಗ್ ಹೋಮಿನವರಿಗೂ ಒಂದು ಮಾತು. ರೋಗಿಯ ಔಷಧದ ತಟ್ಟೆಗೆ ಬರೀ ಹಾಸಿಗೆಯ ನಂಬರು ಅಂಟಿಸಬೇಡಿ, ಹಾಸಿಗೆ ಬದಲಾಗುತ್ತದೆ. ಹೆಸರೊಂದೇ ಇದ್ದರೂ ಸಾಲದು. ನಮ್ಮಲ್ಲಿ ಒಂದೇ ವಾರ್ಡಿನಲ್ಲಿ ಇಬ್ಬರು ಅಬ್ದುಲ್ ರಹೀಮರು ಮಲಗಿರುವುದು ದೊಡ್ಡ ವಿಷಯವೇನಲ್ಲ! ತಂದೆಯ ಹೆಸರು, ವಯಸ್ಸು, ದಾಖಲಾತಿ ಸಂಖ್ಯೆ ಇರಲಿ. ಸಿರಿಂಜಿಗೆ ಎಳೆದಿಟ್ಟ ಔಷಧ ನೀರಿನಂತೆಯೇ ಕಾಣುತ್ತದೆ, ಅದಕ್ಕೂ ಚೀಟಿ ಬೇಕು. ಗಾಢ ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ನನ್ನು ಉಳಿದವುಗಳ ಜೊತೆ ಇಡಲೇಬಾರದು. ನೀರು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯ ನಿಂತೀತು.

ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು, ಆದರೆ ಫ್ರೀಜರ್ ಬೇಡ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ. ಹೆಚ್ಚಿನವು ಅಲ್ಲಿಂದ ಸುಮಾರು 28 ದಿನ ಮಾತ್ರ.

ಮನೆಯ ಆ ಚೀಲವನ್ನು ದಿಂಬಿನ ಕೆಳಗಿಡದೆ ಮೊದಲ ದಿನವೇ ನರ್ಸಮ್ಮನವರ ಕೈಗೆ ಕೊಡಿ. ಕಂಪನಿ ಬೇರೆ, ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಆಗಿರಬಹುದು. ಅವರು ಕೊಟ್ಟದ್ದೂ ನಮ್ಮದೂ ಸೇರಿ ಸಕ್ಕರೆ ಕಾಯಿಲೆಯ ಮಾತ್ರೆ ಎರಡಾದರೆ ಅಜ್ಜಿ ನಡುರಾತ್ರಿ ಬೆವತು ಪ್ರಜ್ಞೆ ತಪ್ಪಿಯಾರು.