ಬೇವಿನೆಣ್ಣೆ ಮತ್ತು ಸೊಳ್ಳೆ ಮರಿ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



2006ರಲ್ಲಿ ನಮ್ಮ ಕೋಲಾರ ಜಿಲ್ಲೆಗೆ ಚಿಕೂನ್‌ಗುನ್ಯಾ ಬಂದಿದ್ದನ್ನು ಯಾರೂ ಮರೆತಿಲ್ಲ. ಜ್ವರ ಇಳಿದರೂ ಕೀಲುನೋವು ತಿಂಗಳುಗಟ್ಟಲೆ ಬಿಡದ ಕಾಯಿಲೆ ಅದು. ಉಳಿ, ಗುದ್ದಲಿ ಹಿಡಿದು ಬದುಕುವ ಶಿವಾರಪಟ್ಟಣಕ್ಕೆ ಕೈಯೇ ಬಂಡವಾಳ. ಆದ್ದರಿಂದ ಸೊಳ್ಳೆಯನ್ನು ಮರಿಯಾಗಿದ್ದಾಗಲೇ ಕೊಲ್ಲಬೇಕು.

ಇದಕ್ಕೆ ಮದ್ದು ನಮ್ಮ ಬದುವಿನಲ್ಲೇ ಇದೆ. ಬೇವಿನ ಬೀಜದಲ್ಲಿರುವ ಅಜಾಡಿರಾಕ್ಟಿನ್ ಎಂಬ ಕಹಿ ಅಂಶ, ಸೊಳ್ಳೆ ಮರಿ ಪೊರೆ ಕಳಚಿ ಬೆಳೆಯೋದನ್ನ ತಡೆಯುತ್ತೆ. ಹೊಂಗೆ ಎಣ್ಣೆಗೂ ಮರಿ ಕೊಲ್ಲುವ ಗುಣ ಉಂಟು. ಎಣ್ಣೆಯನ್ನು ಸೋಪಿನ ನೀರಲ್ಲಿ ಚೆನ್ನಾಗಿ ಕಲಕಿ ಚರಂಡಿಗೆ, ಬಚ್ಚಲು ಗುಂಡಿಗೆ, ಮಳೆನೀರು ನಿಂತ ಬಳಸದ ಕಲ್ಲುತೊಟ್ಟಿಗೆ ಹಾಕಬೇಕು. ಬಿಸಿಲಿಗೆ ಬೇವಿನ ಸತ್ವ ಬೇಗ ಕೆಡುತ್ತೆ. ಮೊಟ್ಟೆ ಸೊಳ್ಳೆಯಾಗೋಕೆ ಎಂಟು ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ತಪ್ಪದೆ ಹಾಕಬೇಕು.

ಒಂದು ಎಚ್ಚರ. ಚಿಕೂನ್‌ಗುನ್ಯಾ, ಡೆಂಗ್ಯೂ ಹರಡೋ ಈಡಿಸ್ ಸೊಳ್ಳೆ ಹೆಚ್ಚಾಗಿ ಮನೆಯ ತಿಳಿನೀರಲ್ಲೇ ಮೊಟ್ಟೆ ಇಡುತ್ತೆ. ಕುಡಿಯೋ ನೀರಿಗೆ, ದನದ ತೊಟ್ಟಿಗೆ, ಮೀನು ಬಿಟ್ಟ ಬಾವಿಗೆ ಎಣ್ಣೆ ಬೇಡವೇ ಬೇಡ. ಮನೆಯ ತೊಟ್ಟಿ, ಡ್ರಮ್ಮುಗಳನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗೆ ಉಜ್ಜಿ, ಮುಚ್ಚಿಡಿ. ಗೋಡೆಗೆ ಅಂಟಿದ ಮೊಟ್ಟೆ ಉಜ್ಜದೆ ಹೋಗಲ್ಲ.

ಉದುರಿ ಹಾಳಾಗೋ ಬೇವು, ಹೊಂಗೆ ಬೀಜವನ್ನು ಸಂಘದಲ್ಲೇ ಕೂಡಿಸಿ ಗಾಣಕ್ಕೆ ಹಾಕಿಸೋಣ ಎಂಬುದು ನಮ್ಮ ಕೋರಿಕೆ. ಒಂದು ಮನೆಯವರು ಮಾಡಿ ಪಕ್ಕದವರು ಬಿಟ್ಟರೆ ಫಲವಿಲ್ಲ. ಸೊಳ್ಳೆಗೆ ಬೇಲಿಯಿಲ್ಲ, ಇದೂ ಸಹಕಾರದ ಕೆಲಸವೇ.